ರಿಶಲ್ಯೂ ತೋಪುಗಳ ಕಾಯಿಲೆ: ದೋಷ ಪತ್ತೆ ಮತ್ತು ನಿವಾರಣೆ

ಫ್ರಾನ್ಸಿನ ರಿಶಲ್ಯೂ ಯುದ್ಧನೌಕೆಯ ಮಾತು ಬಂದಾಗಲೆಲ್ಲ ಒಂದು ದೂರು ಜೊತೆಗೇ ಬರುತ್ತದೆ. "ಹಡಗು ಚೆಂದ, ವೇಗವೂ ಇದೆ, ಆದರೆ ತೋಪು ಸರಿಯಿಲ್ಲ." ಹಡಗುಗಳ ಮಾದರಿ ಮಾಡುವವರು ಹೀಗೆ ಹೇಳುತ್ತಾರೆ. ನೌಕಾಯುದ್ಧದ ಆಟ ಆಡುವ ಹುಡುಗರೂ ಹೀಗೇ ಹೇಳುತ್ತಾರೆ. ಯಾಕೆ ಸರಿಯಿಲ್ಲ ಅಂತ ಕೇಳಿದರೆ ಒಬ್ಬರು ನಳಿಗೆ ಒಡೆದದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಗುಂಡು ಚದುರುತ್ತಿದ್ದದ್ದನ್ನು. ಮತ್ತೊಬ್ಬರು ಹಿಂದಕ್ಕೆ ಹೊಡೆಯೋಕೆ ಆಗುತ್ತಿರಲಿಲ್ಲ ಅನ್ನುತ್ತಾರೆ. ದೂರು ಒಂದೇ, ಆದರೆ ದೋಷ ಒಂದಲ್ಲ. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ನಾನು ಕಾರ್ಖಾನೆಯಲ್ಲಿ ಯಂತ್ರಗಳ ಮೇಂಟೆನೆನ್ಸ್ ಕೆಲಸ ಮಾಡಿದವನು. ಅಲ್ಲಿ ಕಲಿತ ಕ್ರಮವನ್ನೇ ಈ ಹಡಗಿಗೆ ಹಚ್ಚಿ ನೋಡಿದ್ದೇನೆ. ಲಕ್ಷಣ ಏನು, ಯಾವುದರ ಮೇಲೆ ಅನುಮಾನ, ಅನುಮಾನವನ್ನು ಬಿಡಿಸುವುದು ಹೇಗೆ, ನಿಜವಾದ ಕಾರಣ ಏನು, ಏನು ಮಾಡಿದರೆ ವಾಸಿಯಾಯಿತು.

ಮೊದಲು ಯಂತ್ರದ ಪರಿಚಯ

ಕೆಟ್ಟ ಯಂತ್ರಕ್ಕೆ ಕೈ ಹಾಕುವ ಮೊದಲು ಅದು ಸರಿಯಾಗಿದ್ದಾಗ ಹೇಗೆ ಓಡುತ್ತದೆ ಅನ್ನುವುದು ಗೊತ್ತಿರಬೇಕು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಒಂದು ಯುದ್ಧನೌಕೆ 35,000 ಟನ್ ಮೀರುವಂತಿರಲಿಲ್ಲ. 1934ರಲ್ಲಿ ಇಟಲಿ ತನ್ನ ಲಿಟ್ಟೋರಿಯೊ ವರ್ಗದ ದೊಡ್ಡ ಹಡಗುಗಳನ್ನು ಕಟ್ಟಲು ಶುರು ಮಾಡಿತು. ಫ್ರಾನ್ಸ್ ಆಗ ಕಟ್ಟುತ್ತಿದ್ದದ್ದು ಡಂಕರ್ಕ್ ವರ್ಗ. ಅದರ ತೋಪು (ಅಂದರೆ ನಳಿಗೆಯ ಒಳ ಅಗಲ) 330 ಮಿಮೀ, ತೂಕ 26,500 ಟನ್. ಜರ್ಮನಿಯ ಡಾಯ್ಚ್‌ಲಾಂಡ್ ವರ್ಗದ ಪುಟ್ಟ ಯುದ್ಧನೌಕೆಗಳನ್ನು ಅಟ್ಟಿಸಿಕೊಂಡು ಹೋಗಲು ಅದು ಸಾಕಿತ್ತು, ಲಿಟ್ಟೋರಿಯೊ ಎದುರು ಸಾಲುತ್ತಿರಲಿಲ್ಲ. ಹಾಗಾಗಿ ಡಂಕರ್ಕ್ ನಕ್ಷೆಯನ್ನೇ ಹಿಗ್ಗಿಸಿ ರಿಶಲ್ಯೂ ವರ್ಗ ಮಾಡಿದರು. 380 ಮಿಮೀ ತೋಪು ಎಂಟು. ವೇಗ 32 ನಾಟ್. ಪಕ್ಕದ ಉಕ್ಕಿನ ಕವಚ 327 ಮಿಮೀ ದಪ್ಪ, ಅದೂ ಓರೆಯಾಗಿ ಕೂರಿಸಿದ್ದು.

ಇಷ್ಟೆಲ್ಲ 35,000 ಟನ್ ಒಳಗೆ ಹಿಡಿಸುವುದು ಸುಲಭವಲ್ಲ. ಮಧ್ಯಮ ವರ್ಗದ ಮನೆಯ ತಿಂಗಳ ಬಜೆಟ್ ಇದ್ದ ಹಾಗೆ. ಒಂದು ಕಡೆ ಬೇಕೆಂದರೆ ಇನ್ನೊಂದು ಕಡೆ ಉಳಿಸಬೇಕು. ತೋಪು ಕೂರಿಸಿದ, ತಿರುಗುವ ಉಕ್ಕಿನ ಗೂಡಿಗೆ ಟರೆಟ್ ಅನ್ನುತ್ತಾರೆ. ಎಂಟು ತೋಪನ್ನು ಎರಡೆರಡರಂತೆ ನಾಲ್ಕು ಟರೆಟ್‌ನಲ್ಲಿ ಇಟ್ಟರೆ ನಾಲ್ಕು ಟರೆಟ್‌ಗೂ ಕವಚ ಹಾಕಬೇಕು, ನಾಲ್ಕರ ಕೆಳಗೂ ಮದ್ದಿನ ಕೋಣೆ ಬೇಕು. ಹಡಗಿನ ಉದ್ದಕ್ಕೂ ಉಕ್ಕು ಹೊದಿಸಬೇಕು. ಫ್ರೆಂಚ್ ಎಂಜಿನಿಯರುಗಳು ನಾಲ್ಕು ನಾಲ್ಕು ತೋಪಿನ ಎರಡೇ ಟರೆಟ್ ಮಾಡಿ, ಎರಡನ್ನೂ ಮುಂಭಾಗದಲ್ಲೇ ಇಟ್ಟರು. ಕವಚ ಹೊದಿಸಬೇಕಾದ ಜಾಗ ಮೊಟಕಾಯಿತು. ಉಳಿದ ತೂಕವನ್ನು ಕವಚದ ದಪ್ಪಕ್ಕೆ ಹಾಕಿದರು.

ಒಂದೇ ಏಟಿಗೆ ನಾಲ್ಕು ತೋಪು ಹೋಗಿಬಿಟ್ಟರೆ ಗತಿ ಏನು, ಅಲ್ವಾ? ಅದನ್ನೂ ಅವರು ಯೋಚಿಸಿದ್ದರು. ಪ್ರತಿ ಟರೆಟ್ ನಡುವೆ ಒಂದು ಉಕ್ಕಿನ ಗೋಡೆ ಎಬ್ಬಿಸಿ ಎಡಬಲ ಭಾಗ ಮಾಡಿದರು. ಒಂದು ಮನೆಯಲ್ಲಿ ಎರಡು ಸಂಸಾರ ಇದ್ದ ಹಾಗೆ. ಇದು ಬರೀ ಕಾಗದದ ಮೇಲಿನ ಮಾತಲ್ಲ. ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ, ಅದರ ಹಡಗುಗಳು ಜರ್ಮನರ ಕೈಸೇರಬಾರದು ಅಂತ 1940ರ ಜುಲೈ 3ರಂದು ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್ ಬಂದರಿನಲ್ಲಿ ಬ್ರಿಟಿಷರು ಹೊಡೆದಾಗ ಡಂಕರ್ಕ್ ಹಡಗಿನ ಎರಡನೇ ಟರೆಟ್‌ಗೆ ಗುಂಡು ಬಿತ್ತು. ಬಲಭಾಗದಲ್ಲಿದ್ದವರು ಸತ್ತರು. ಗೋಡೆಯ ಆಚೆಗಿದ್ದ ಎಡಭಾಗ ಕೆಲಸ ಮಾಡುವ ಸ್ಥಿತಿಯಲ್ಲೇ ಉಳಿಯಿತು. ಅದೇ ಗೋಡೆ ರಿಶಲ್ಯೂನಲ್ಲೂ ಇತ್ತು.

ಈಗ ಒಂದು ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದು ಭಾಗದಲ್ಲಿ ಎರಡು ತೋಪು. ಅವುಗಳ ನಡುವಿನ ಅಂತರ ಬರೀ 1.95 ಮೀಟರ್. ಗೋಡೆಯ ಆಚೆ ಈಚೆ ಇರುವ ಒಳಗಿನ ಎರಡು ತೋಪುಗಳ ನಡುವೆ 2.95 ಮೀಟರ್.

ರಿಶಲ್ಯೂವನ್ನು ಕಟ್ಟಿದ್ದು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ. 1935ರ ಅಕ್ಟೋಬರ್ 22ರಂದು ಕೆಲಸ ಶುರುವಾಯಿತು. ಅಲ್ಲಿನ ಸಾಲೂ ಡಾಕ್ (ಹಡಗು ಕಟ್ಟುವ ತೊಟ್ಟಿ) ಸುಮಾರು 200 ಮೀಟರ್ ಉದ್ದ, ಹಡಗು ಸುಮಾರು 248 ಮೀಟರ್! ಮಧ್ಯದ ದೇಹವನ್ನು ಅಲ್ಲಿ ಕಟ್ಟಿ ನೀರಿಗಿಳಿಸಿ, ಮೂತಿ ಮತ್ತು ಬಾಲವನ್ನು ಬೇರೆ ಡಾಕ್‌ನಲ್ಲಿ ಜೋಡಿಸಿದರು. 1940ರ ಜೂನ್‌ನಲ್ಲಿ ಜರ್ಮನ್ ಸೈನ್ಯ ಹತ್ತಿರ ಬಂದಾಗ ಹಡಗು ಓಡಾಡುವ ಸ್ಥಿತಿಯಲ್ಲಿತ್ತು, ಪೂರ್ತಿ ಪರೀಕ್ಷೆ ಆಗಿರಲಿಲ್ಲ. ಜೂನ್ 18ರಂದು ಬ್ರೆಸ್ಟ್ ಬಿಟ್ಟು 23ಕ್ಕೆ ಪಶ್ಚಿಮ ಆಫ್ರಿಕಾದ ಡಕಾರ್ ಸೇರಿತು. ದೊಡ್ಡ ತೋಪುಗಳನ್ನು ಹಾರಿಸಿ ನೋಡಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಗುಂಡುಗಳು ಸಾಕಷ್ಟಿದ್ದವು, ಅವನ್ನು ಹಾರಿಸುವ ಮದ್ದು ಮಾತ್ರ ಐವತ್ತು ಹೊಡೆತಕ್ಕೂ ಕಷ್ಟಪಟ್ಟು ಸಾಕಾಗುವಷ್ಟಿತ್ತು.

ಈ ಮದ್ದಿನ ಕೊರತೆಯಿಂದಲೇ ಮುಂದೆ ತನಿಖೆ ದಾರಿ ತಪ್ಪಿತು.

ಮೊದಲ ದೋಷ: ನಳಿಗೆಯೊಳಗೇ ಗುಂಡು ಸಿಡಿಯುವುದು

ಲಕ್ಷಣ ಹೀಗಿದೆ. 1940ರ ಸೆಪ್ಟೆಂಬರ್ 23ರಂದು ಬಾರ್‌ಹ್ಯಾಮ್, ರೆಸಲ್ಯೂಷನ್ ಯುದ್ಧನೌಕೆಗಳು ಮತ್ತು ಆರ್ಕ್ ರಾಯಲ್ ಎಂಬ ವಿಮಾನವಾಹಕ ಹಡಗು ಇದ್ದ ಬ್ರಿಟಿಷ್ ಪಡೆ ಡಕಾರ್ ಮುಂದೆ ಬಂದು ನಿಂತಿತು. ಜೊತೆಗೆ ಜರ್ಮನಿಗೆ ಶರಣಾಗಲು ಒಪ್ಪದ ಡಿ ಗಾಲ್ ಅವರ ಸ್ವತಂತ್ರ ಫ್ರೆಂಚ್ ಪಡೆಯೂ ಇತ್ತು. ಬಂದರು, ಜರ್ಮನಿಯ ಜೊತೆ ಕದನವಿರಾಮ ಮಾಡಿಕೊಂಡಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಕೈಯಲ್ಲಿತ್ತು. ರಿಶಲ್ಯೂ ಆಗ ಚಲಿಸುವ ಹಾಗಿರಲಿಲ್ಲ. ಜುಲೈ 8ರಂದು ಹರ್ಮಿಸ್ ಹಡಗಿನಿಂದ ಹಾರಿಬಂದ ಸ್ವೋರ್ಡ್‌ಫಿಶ್ ವಿಮಾನದ ಒಂದು ಟಾರ್ಪೆಡೋ ಹಿಂಭಾಗಕ್ಕೆ ಬಡಿದು, ಪ್ರೊಪೆಲರ್ ಶಾಫ್ಟ್ ಕೆಡಿಸಿ, ಬಹಳ ನೀರು ನುಗ್ಗಿಸಿತ್ತು. ಅಷ್ಟು ದೊಡ್ಡ ಹಡಗನ್ನು ಎತ್ತಿಕೊಳ್ಳುವ ಡಾಕ್ ಡಕಾರ್‌ನಲ್ಲಿ ಇರಲಿಲ್ಲ. ಹಾಗಾಗಿ ಕಟ್ಟಿಹಾಕಿದ ಕಡೆಯೇ ನಿಂತು ಎರಡನೇ ಟರೆಟ್‌ನಿಂದ ಹೊಡೆಯಲು ಶುರು ಮಾಡಿತು.

24ರಂದು 7ನೇ ನಂಬರಿನ ತೋಪಿನಲ್ಲಿ ಗುಂಡು ಹೊರಗೆ ಹೋಗುವ ಮೊದಲೇ ಸಿಡಿಯಿತು. ನಳಿಗೆ ಹಾಳಾಯಿತು. ಅದೇ ಟರೆಟ್‌ನ ಇನ್ನೂ ಎರಡು ನಳಿಗೆಗಳಿಗೂ ಪೆಟ್ಟಾಯಿತು. ಒಂದೇ ಕದನ, ಒಂದೇ ಟರೆಟ್, ನಾಲ್ಕರಲ್ಲಿ ಮೂರು ಹೋಯಿತು. ಶತ್ರುವಿನ ಗುಂಡು ತಾಗಿ ಅಲ್ಲ, ತನ್ನದೇ ಗುಂಡಿನಿಂದ.

ಇಲ್ಲಿ ನಿಮಗೆ ಮೊದಲು ಯಾರ ಮೇಲೆ ಅನುಮಾನ ಬರುತ್ತದೆ? ಎಲ್ಲರಿಗೂ ಬಂದದ್ದು ಮದ್ದಿನ ಮೇಲೆ. ಕಾರಣವೂ ಇತ್ತು. ಹಡಗಿನ ಸ್ವಂತ ಮದ್ದು ಸಾಲದು ಅಂತ, ಡಕಾರ್‌ನಲ್ಲಿ ಸ್ಟ್ರಾಸ್‌ಬರ್ಗ್ ಹಡಗಿಗೆಂದು ಇಟ್ಟಿದ್ದ 330 ಮಿಮೀ ತೋಪಿನ ಮದ್ದನ್ನು ಬಿಚ್ಚಿ, 380 ಮಿಮೀಗೆ ಹೊಂದುವ ಹಾಗೆ ಮತ್ತೆ ಚೀಲಕ್ಕೆ ತುಂಬಿಸಿದ್ದರು. ಸಾಲದ ಮದ್ದು, ಊರಲ್ಲೇ ಹೊಲಿದ ಚೀಲ, ಅವಸರದ ಕೆಲಸ. ಅಪರಾಧಿ ಕಣ್ಣೆದುರೇ ನಿಂತಿದ್ದಾನೆ ಅನ್ನಿಸುವುದು ಸಹಜ.

ನನ್ನ ಅನುಭವದಲ್ಲೂ ಹೀಗೇ ಆಗಿತ್ತು. ಒಂದು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಆಯಿಲ್ ಬದಲಿಸಿದ ಮಾರನೇ ದಿನ ಪ್ರೆಷರ್ ಬೀಳಲು ಶುರುವಾಯಿತು. ಎಲ್ಲರೂ ಹೊಸ ಆಯಿಲ್ ಕಳಪೆ ಅಂದರು. ಡ್ರಮ್‌ಗಟ್ಟಲೆ ಚೆಲ್ಲಿ ಬೇರೆ ತುಂಬಿದೆವು. ಪ್ರೆಷರ್ ಮತ್ತೆ ಬಿತ್ತು. ಕೊನೆಗೆ ಸಿಕ್ಕಿದ್ದು ಪಂಪಿನ ಸಕ್ಷನ್ ಹೋಸ್‌ನ ಬೆಂಡಿನಲ್ಲಿ ಕೂದಲೆಳೆಯ ಬಿರುಕು. ಅದು ಎಷ್ಟೋ ತಿಂಗಳ ಹಳೆಯದು. ಹೊಸದಾಗಿ ಬದಲಾದದ್ದರ ಮೇಲೆ ಮೊದಲ ಅನುಮಾನ ಹೋಗುವುದು ತಪ್ಪಲ್ಲ. ಅಲ್ಲೇ ನಿಂತುಬಿಡುವುದು ತಪ್ಪು.

ಹಾಗಾದರೆ ಬಿಡಿಸುವುದು ಹೇಗೆ? ನಳಿಗೆ ಒಡೆದಾಗ ಅನುಮಾನಿತರು ಮೂವರು: ನಳಿಗೆ, ಮದ್ದು, ಗುಂಡು. ನಳಿಗೆಯ ಉಕ್ಕಿನಲ್ಲೇ ದೋಷವಿದ್ದರೆ ಸಾಮಾನ್ಯವಾಗಿ ಒಂದು ನಳಿಗೆ ಹೋಗುತ್ತದೆ. ಮೂರು ನಳಿಗೆ ಬೆನ್ನುಬೆನ್ನಿಗೆ ಹೋಗಿದ್ದರೆ ಎಲ್ಲದರೊಳಗೂ ಹಾದುಹೋದ ಸಾಮಾನು ಯಾವುದು ಅಂತ ನೋಡಬೇಕು. ಅಂದರೆ ಮದ್ದು ಅಥವಾ ಗುಂಡು. ಮದ್ದು ಅತಿಯಾಗಿ ಜೋರಾಗಿದ್ದರೆ ಒತ್ತಡದ ಪೆಟ್ಟು ಹಿಂಭಾಗಕ್ಕೆ, ಅಂದರೆ ಮದ್ದು ಉರಿಯುವ ಕೋಣೆಗೆ ಜಾಸ್ತಿ ಬೀಳುತ್ತದೆ. ಗುಂಡೇ ಸಿಡಿದಿದ್ದರೆ ಅದು ಸಿಡಿದ ಕ್ಷಣದಲ್ಲಿ ನಳಿಗೆಯ ಯಾವ ಜಾಗದಲ್ಲಿತ್ತೋ ಅಲ್ಲಿ ಉಬ್ಬು ಅಥವಾ ಒಡಕು ಕಾಣುತ್ತದೆ. ಎರಡನ್ನೂ ಬೇರೆ ಮಾಡುವ ಸರಳ ದಾರಿ ಇನ್ನೊಂದಿದೆ. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ನೋಡುವುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಆಮೇಲಿನ ವಿಚಾರಣೆಯಲ್ಲಿ ಮದ್ದು ನಿರ್ದೋಷಿ ಅಂತ ತಿಳಿಯಿತು. ತಪ್ಪು ಇದ್ದದ್ದು ಗುಂಡಿನ ಬುಡದಲ್ಲಿ.

ಆ ಗುಂಡನ್ನು ಒಂದು ಸಲ ಹತ್ತಿರದಿಂದ ನೋಡೋಣ. ತೂಕ 884 ಕಿಲೋ, ಹೆಚ್ಚುಕಡಿಮೆ ಒಂದು ಸಣ್ಣ ಕಾರಿನಷ್ಟು. ಕವಚ ಕೊರೆದು ಒಳಗೆ ಹೋಗಿ ಸಿಡಿಯಬೇಕು, ಅದಕ್ಕೇ ಗೋಡೆ ದಪ್ಪ, ಒಳಗಿನ ಸ್ಫೋಟಕ ಕಡಿಮೆ, ಸುಮಾರು 22 ಕಿಲೋ. ಮೂತಿಯ ಟೊಪ್ಪಿಗೆಯೊಳಗೆ ಬಣ್ಣದ ಪುಡಿ. ಗುಂಡು ನೀರಿಗೆ ಬಿದ್ದಾಗ ಚಿಮ್ಮುವ ನೀರಿಗೆ ಬಣ್ಣ ಬರುತ್ತದೆ, ಒಂದೊಂದು ಹಡಗಿಗೆ ಒಂದೊಂದು ಬಣ್ಣ. ನಾಲ್ಕು ಹಡಗು ಒಟ್ಟಿಗೆ ಹೊಡೆಯುತ್ತಿದ್ದರೂ ನನ್ನ ಗುಂಡು ಎಲ್ಲಿ ಬಿತ್ತು ಅಂತ ಗುರುತು ಸಿಗುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ.

ಈಗ ಗುಂಡನ್ನು ಮಗುಚಿ ಬುಡ ನೋಡಿ. ಅಲ್ಲಿ ನಾಲ್ಕು ಗುಳಿಗಳು. ವಿಷಾನಿಲದ ಡಬ್ಬಿ ಇಡಲೆಂದು ನಕ್ಷೆಯಲ್ಲಿ ಬಿಟ್ಟ ಜಾಗ. ಅದರ ಮೇಲೆ ಮುಚ್ಚಳ. ಆ ಮುಚ್ಚಳ ಮತ್ತು ಅದರ ಹಿಂದಿನ ಉಕ್ಕು ಎಷ್ಟು ಗಟ್ಟಿ ಇರಬೇಕಿತ್ತೋ ಅಷ್ಟು ಗಟ್ಟಿ ಇರಲಿಲ್ಲ.

ಒತ್ತಡ ಎಷ್ಟು ಅಂತ ಲೆಕ್ಕ ಹಾಕಿದರೆ ವಿಷಯ ಮನಸ್ಸಿಗೆ ನಾಟುತ್ತದೆ. ಮದ್ದು ಉರಿದಾಗ ಚದರ ಸೆಂಟಿಮೀಟರ್‌ಗೆ ಸುಮಾರು 3,200 ಕಿಲೋ ಒತ್ತಡ ಹುಟ್ಟುತ್ತದೆ. 38 ಸೆಂಟಿಮೀಟರ್ ಅಗಲದ ಬುಡದ ಮೇಲೆ ಒಟ್ಟು ಲೆಕ್ಕ ಹಾಕಿದರೆ 3,600 ಟನ್! ಇಷ್ಟೂ ಭಾರ ಒಂದು ಸೆಕೆಂಡಿನ ಸಣ್ಣ ತುಣುಕಿನಲ್ಲಿ ಬಂದು ಅಪ್ಪಳಿಸುತ್ತದೆ. ಮುಚ್ಚಳ ತಡೆಯಲಿಲ್ಲ ಅಂದರೆ ಒತ್ತಡ ಮತ್ತು ಬೆಂಕಿಯಂಥ ಅನಿಲ ಒಳಗಿನ ಸ್ಫೋಟಕಕ್ಕೆ ದಾರಿ ಮಾಡಿಕೊಳ್ಳುತ್ತದೆ. ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಸಿಡಿಯುತ್ತದೆ. 7ನೇ ತೋಪಿನಲ್ಲಿ ಆದದ್ದು ಇದೇ.

ನನಗೆ ಇದು ಯೋಚಿಸಿದಷ್ಟೂ ಕಾಡುವ ವಿಷಯ. ಆ ಡಬ್ಬಿಗಳು ಆ ದಿನ ಬೇಕಾಗಿಯೇ ಇರಲಿಲ್ಲ. ಬಳಸದ ಒಂದು ಸೌಲಭ್ಯಕ್ಕೆ ಬಿಟ್ಟ ತೂತು ಹಡಗಿನ ಮುಖ್ಯ ಕೆಲಸವನ್ನೇ ಕೆಡಿಸಿತು. ಬ್ರೆಸ್ಟ್‌ನಲ್ಲಿ ನೆಮ್ಮದಿಯಾಗಿ ಆರು ತಿಂಗಳು ಪರೀಕ್ಷೆ ಮಾಡುವ ಅವಕಾಶ ಸಿಕ್ಕಿದ್ದರೆ ಈ ದೋಷ ಸಮುದ್ರದಲ್ಲಿ, ಯಾರೂ ಎದುರಿಗಿಲ್ಲದಾಗ ಗೊತ್ತಾಗುತ್ತಿತ್ತು.

ನಿವಾರಣೆ ಆದದ್ದು ಅಮೆರಿಕದಲ್ಲಿ. 1942ರ ನವೆಂಬರ್‌ನಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದ ಮೇಲೆ ಡಕಾರ್ ಅವರ ಕಡೆ ಬಂತು. ರಿಶಲ್ಯೂ ಮೋಂಕಾಲ್ಮ್ ಎಂಬ ಕ್ರೂಸರ್ (ಯುದ್ಧನೌಕೆಗಿಂತ ಚಿಕ್ಕ ಕಾಳಗದ ಹಡಗು) ಜೊತೆ ಹೊರಟು 1943ರ ಫೆಬ್ರವರಿ 11ರಂದು ನ್ಯೂಯಾರ್ಕ್ ಸೇರಿತು. ಬ್ರೂಕ್ಲಿನ್ ಸೇತುವೆಯ ಕೆಳಗೆ ಹಾದುಹೋಗಲು ಗೋಪುರದ ತುದಿಯಲ್ಲಿದ್ದ ಗುರಿ ಹಿಡಿಯುವ ಸಾಧನವನ್ನು ಬಿಚ್ಚಬೇಕಾಯಿತು. ಹಾಳಾದ ನಳಿಗೆ ತೆಗೆದು ಮೊರಾಕೊದ ಕಾಸಾಬ್ಲಾಂಕಾದಲ್ಲಿ ನಿಂತಿದ್ದ ತಂಗಿ ಹಡಗು ಝಾನ್ ಬಾರ್‌ನ ನಳಿಗೆ ಹಾಕಿದರು. 380 ಮಿಮೀ ಗುಂಡು ಅಮೆರಿಕದಲ್ಲಿ ಯಾರೂ ಮಾಡುತ್ತಿರಲಿಲ್ಲ. ಕ್ರೂಸಿಬಲ್ ಸ್ಟೀಲ್ ಕಂಪನಿ ಈ ಹಡಗಿಗೆಂದೇ ಹೊಸ ಗುಂಡು ಮಾಡಿಕೊಟ್ಟಿತು. ಜೊತೆಗೆ ರೇಡಾರ್ ಬಂತು, ವಿಮಾನ ಹೊಡೆಯುವ 40 ಮಿಮೀ ಬೋಫೋರ್ಸ್ ತೋಪಿನ ನಾಲ್ಕರ ಗುಂಪು 14 ಬಂತು. ವಿಮಾನ ಹಾರಿಸುವ ಸಲಕರಣೆ ಹೋಯಿತು. ಅಕ್ಟೋಬರ್‌ಗೆ ಹಡಗು ಮತ್ತೆ ಸಮುದ್ರಕ್ಕೆ ಬಂತು.

ನಳಿಗೆ ಒಡೆಯುವ ಕಾಯಿಲೆ ಅಲ್ಲಿಗೆ ಮುಗಿಯಿತು. ಇನ್ನೊಂದು ಕಾಯಿಲೆ ಹಾಗೇ ಉಳಿದಿತ್ತು.

ಎರಡನೇ ದೋಷ: ಗುಂಡುಗಳು ಚದುರುವುದು

ಇದರ ಲಕ್ಷಣವೇ ಬೇರೆ. ಏನೂ ಒಡೆಯುವುದಿಲ್ಲ. ಎಲ್ಲ ಸರಿಯಾಗಿ ಹಾರುತ್ತದೆ. ಆದರೆ ಒಂದೇ ಗುರಿಗೆ ಒಂದೇ ಸಲ ಬಿಟ್ಟ ಗುಂಡುಗಳು ಒಂದು ಇಲ್ಲಿ, ಒಂದು ಅಲ್ಲಿ ಬೀಳುತ್ತವೆ. ಗುರಿಯ ಆಚೆಗೂ ಈಚೆಗೂ ನೀರು ಚಿಮ್ಮುತ್ತದೆ, ಗುರಿಗೆ ಮಾತ್ರ ಏನೂ ಆಗುವುದಿಲ್ಲ. ಸ್ವಲ್ಪ ಚದುರಬೇಕು, ಅದು ಬೇಕೇ ಬೇಕು. ಎಲ್ಲ ಒಂದೇ ಜಾಗಕ್ಕೆ ಬಿದ್ದರೆ ಅಳತೆ ಕೊಂಚ ತಪ್ಪಿದರೂ ಎಲ್ಲವೂ ವ್ಯರ್ಥ. ಆದರೆ ರಿಶಲ್ಯೂನಲ್ಲಿ ಅದು ಮಿತಿ ಮೀರಿತ್ತು. ಕಾಸಾಬ್ಲಾಂಕಾದಲ್ಲಿ ಝಾನ್ ಬಾರ್ ಹೊಡೆದಾಗಲೂ, ಆಮೇಲೆ ರಿಶಲ್ಯೂ ತರಬೇತಿಯಲ್ಲೂ ಇದೇ ದೂರು.

ಇಲ್ಲಿ ಅನುಮಾನಿತರ ಪಟ್ಟಿ ಉದ್ದ. ಮದ್ದಿನ ಚೀಲಗಳ ನಡುವೆ ತೂಕದ ವ್ಯತ್ಯಾಸ, ಹಳೆಯ ಮದ್ದು ಹೊಸ ಮದ್ದು ಕಲೆತದ್ದು, ಗುಂಡಿನ ತೂಕದ ಹೆಚ್ಚುಕಡಿಮೆ, ನಳಿಗೆ ಸವೆದದ್ದು, ಗುರಿ ಸಾಧನದ ತಪ್ಪು, ಟರೆಟ್ ತಿರುಗುವ ಉರುಳೆಗಳ ಸಡಿಲ. ಇಟಲಿಯ ಲಿಟ್ಟೋರಿಯೊ ಹಡಗುಗಳಿಗೂ ಚದುರುವ ಕಾಯಿಲೆ ಇತ್ತು, ಅಲ್ಲಿ ಮದ್ದು ಮತ್ತು ಗುಂಡಿನ ತಯಾರಿಕೆಯ ಏರುಪೇರು ಮುಖ್ಯ ಕಾರಣ. ಹಾಗಂತ ನೆರೆಮನೆಯವರ ಔಷಧಿಯನ್ನು ನಾವು ಕುಡಿಯಬಾರದು.

ಇಂಥ ದೋಷವನ್ನು ಬೇರೆ ಮಾಡುವ ಪರೀಕ್ಷೆ ತುಂಬಾ ಸರಳ, ಆದರೆ ತಾಳ್ಮೆ ಬೇಕು. ಮೊದಲು ಒಂದೇ ತೋಪನ್ನು ಹಲವು ಸಲ ಹಾರಿಸಬೇಕು. ಅದೊಂದೇ ಚದುರಿದರೆ ತಪ್ಪು ಮದ್ದು, ಗುಂಡು ಅಥವಾ ನಳಿಗೆಯಲ್ಲಿ. ಅದು ಒತ್ತಾಗಿ ಬಿದ್ದರೆ ಎರಡನೇ ಹೆಜ್ಜೆ: ಪಕ್ಕಪಕ್ಕದ ಎರಡನ್ನು ಒಟ್ಟಿಗೆ ಹಾರಿಸಿ. ಈಗ ಚದುರಿದರೆ ಅಪರಾಧಿ ಒಂದೊಂದು ತೋಪಲ್ಲ, ಎರಡರ ನಡುವಿನ ಸಂಬಂಧ. ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿದರೆ ಚೆನ್ನಾಗಿ ಹಾಡುವ ಇಬ್ಬರು, ಜೊತೆಗೆ ಹಾಡಿಸಿದಾಗ ಶ್ರುತಿ ತಪ್ಪುತ್ತಾರಲ್ಲ, ಹಾಗೆ.

ನಾನು ನೆನಪಿಟ್ಟುಕೊಳ್ಳಿ ಅಂದ ಅಳತೆ ಈಗ ಬೇಕು: 1.95 ಮೀಟರ್. ಎರಡು ದೊಡ್ಡ ಗುಂಡು ಒಂದೇ ಕ್ಷಣದಲ್ಲಿ, ಎರಡು ಮೀಟರ್ ಕೂಡ ಇಲ್ಲದ ಅಂತರದಲ್ಲಿ, ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಬರುತ್ತವೆ. ಒಂದು ತೋಪಿನ ಬಾಯಿಂದ ನುಗ್ಗುವ ಅನಿಲ ಪಕ್ಕದ ಗುಂಡನ್ನು ತಳ್ಳುತ್ತದೆ. ಗುಂಡು ಹೊರಬಂದ ಮೊದಲ ಕೆಲವು ಮೀಟರ್ ಅದಕ್ಕೆ ತುಂಬಾ ನಾಜೂಕಿನ ಸಮಯ. ಬುಗುರಿ ಬಿಟ್ಟ ತಕ್ಷಣ ಸ್ವಲ್ಪ ಓಲಾಡಿ ಆಮೇಲೆ ನೆಟ್ಟಗೆ ನಿಲ್ಲುತ್ತದೆ ನೋಡಿ, ಗುಂಡೂ ಹಾಗೇ. ಆ ಓಲಾಟದ ಹೊತ್ತಿನಲ್ಲೇ ಪಕ್ಕದಿಂದ ತಳ್ಳಿದರೆ ದಾರಿ ಬದಲಾಗುತ್ತದೆ. ಮುಂದೆಯೂ ಎರಡೂ ಅಕ್ಕಪಕ್ಕದಲ್ಲೇ ಹಾರುವಾಗ ಒಂದರ ಆಘಾತದ ಅಲೆ ಇನ್ನೊಂದಕ್ಕೆ ತಾಗುತ್ತದೆ. ಶುರುವಿನಲ್ಲಿ ಒಂದು ಎಳೆಯಷ್ಟು ಬದಲಾದದ್ದು ಇಪ್ಪತ್ತು ಕಿಲೋಮೀಟರ್ ಆಚೆ ನೂರಾರು ಮೀಟರ್ ಆಗುತ್ತದೆ.

ಅಂದರೆ ತೂಕ ಉಳಿಸಲು ನಾಲ್ಕು ತೋಪನ್ನು ಒಟ್ಟಿಗೆ ಒತ್ತರಿಸಿದ್ದೇ ಈ ಕಾಯಿಲೆಯ ಬೇರು. ಅದನ್ನು ಕಿತ್ತು ದೂರ ಇಡಲು ಆಗುವುದಿಲ್ಲ. ಟರೆಟ್ ಅಷ್ಟೇ ಅಗಲ. ಜಾಗ ಬದಲಿಸಲು ಆಗದಿದ್ದರೆ ಏನು ಬದಲಿಸಬಹುದು? ಸಮಯ.

1948ರಲ್ಲಿ ರಿಶಲ್ಯೂಗೆ ಮಾಡಿದ್ದು ಇದೇ. ಹೊರಗಿನ ತೋಪುಗಳ ವಿದ್ಯುತ್ ಸರ್ಕ್ಯೂಟ್‌ನಲ್ಲಿ ತಡ ಮಾಡುವ ಒಂದು ಕಾಯಿಲ್ (ತಂತಿಯ ಸುರುಳಿ) ಹಾಕಿದರು. ಒಳಗಿನ ತೋಪುಗಳು ಹಾರಿದ 60 ಮಿಲಿಸೆಕೆಂಡ್ ಆದ ಮೇಲೆ ಹೊರಗಿನವು ಹಾರುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಕಿವಿಗೆ ಒಂದೇ ಸದ್ದು. ಆದರೆ ಗುಂಡಿನ ಲೆಕ್ಕದಲ್ಲಿ ಇದು ದೊಡ್ಡ ಸಮಯ. ಸೆಕೆಂಡಿಗೆ 800 ಮೀಟರ್ ಅಂದುಕೊಂಡರೆ ಅಷ್ಟರಲ್ಲಿ ಮೊದಲ ಗುಂಡು 48 ಮೀಟರ್ ಮುಂದೆ ಹೋಗಿರುತ್ತದೆ. ಒಂದರ ಗಾಳಿ ಇನ್ನೊಂದಕ್ಕೆ ಸೋಕುವುದಿಲ್ಲ. ಈಗ ಒಟ್ಟಿಗೆ ಹಾರುವವರು ಯಾರು ನೋಡಿ. ಒಳಗಿನ ಎರಡು, ನಡುವೆ 2.95 ಮೀಟರ್. ಹೊರಗಿನ ಎರಡು, ನಡುವೆ ಹತ್ತಿರ ಹತ್ತಿರ 7 ಮೀಟರ್. 1.95 ಮೀಟರಿನ ಜೋಡಿ ಪೂರ್ತಿ ಬೇರೆಯಾಯಿತು.

ಚದುರುವಿಕೆ ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಉಕ್ಕು ಕತ್ತರಿಸಲಿಲ್ಲ, ನಳಿಗೆ ಬದಲಿಸಲಿಲ್ಲ. ಒಂದು ಸಣ್ಣ ಕಾಯಿಲ್. ಅಮೆರಿಕನ್ನರು ತಮ್ಮ ಕ್ರೂಸರುಗಳಲ್ಲಿ ಇದೇ ತೊಂದರೆಗೆ ಇದೇ ಉಪಾಯವನ್ನು ಯುದ್ಧಕ್ಕೆ ಮೊದಲೇ ಬಳಸಿದ್ದರು. ರಿಶಲ್ಯೂಗೆ ಅದು ಯುದ್ಧ ಮುಗಿದು ಮೂರು ವರ್ಷಕ್ಕೆ ಸಿಕ್ಕಿತು ಅನ್ನುವುದೇ ನನಗೆ ಬೇಸರ.

ಯಾಕೆಂದರೆ ಅಷ್ಟರಲ್ಲಿ ಹಡಗು ತನ್ನ ಯುದ್ಧವನ್ನು ಮುಗಿಸಿತ್ತು. 1943ರ ಕೊನೆಗೆ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ನೌಕಾನೆಲೆಯಲ್ಲಿ ಬ್ರಿಟಿಷ್ ಪಡೆಯ ಜೊತೆ. 1944ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಶ್ರೀಲಂಕಾದ ಟ್ರಿಂಕೋಮಲಿಗೆ ಬಂತು. ಸುಮಾತ್ರಾ ಬಳಿಯ ಸಬಾಂಗ್ ಮೇಲಿನ ದಾಳಿಗಳಲ್ಲಿತ್ತು. ಆ ಜೂನ್‌ನಲ್ಲಿ ಜಪಾನೀಯರ ಕೈಯಲ್ಲಿದ್ದ ಅಂಡಮಾನಿನ ಪೋರ್ಟ್ ಬ್ಲೇರ್ ಮೇಲೆ ವಿಮಾನ ದಾಳಿ ಮಾಡಿದ ಪಡೆಯಲ್ಲೂ ಇತ್ತು. ಚದುರುವ ಕಾಯಿಲೆ ಇಟ್ಟುಕೊಂಡೇ ಅಷ್ಟೂ ಕೆಲಸ ಮಾಡಿತು.

ದೋಷ ಅನ್ನಿಸಿದರೂ ದೋಷವಲ್ಲದ್ದು

ಹಿಂದಕ್ಕೆ ಹೊಡೆಯಲು ಆಗುತ್ತಿರಲಿಲ್ಲ ಅನ್ನುವ ದೂರನ್ನು ಈ ಪಟ್ಟಿಯಿಂದ ತೆಗೆಯಿರಿ. ಅದು ಕೆಟ್ಟುಹೋದದ್ದಲ್ಲ, ಗೊತ್ತಿದ್ದೇ ಮಾಡಿದ ಆಯ್ಕೆ. ಎರಡು ಟರೆಟ್ ಮುಂದೆ ಇಟ್ಟರೆ ಹಿಂದೆ ಖಾಲಿ ಇರುತ್ತದೆ. ಅದರ ಬದಲಿಗೆ ಕವಚದ ದಪ್ಪ ಸಿಕ್ಕಿತು. ನಾಲ್ಕನೇ ಹಡಗು ಗಾಸ್ಕೋನ್‌ಗೆ ಒಂದು ಟರೆಟ್ ಮುಂದೆ, ಒಂದು ಹಿಂದೆ ಅಂತ ನಕ್ಷೆ ಬದಲಿಸಿದ್ದರು. ಆ ಹಡಗು ಶುರುವಾಗಲೇ ಇಲ್ಲ.

ವಿಮಾನ ಹೊಡೆಯಲು ಇಟ್ಟ 152 ಮಿಮೀ ತೋಪುಗಳದ್ದು ಮಾತ್ರ ನಿಜವಾದ ಕೊರತೆ. ಹಡಗನ್ನೂ ವಿಮಾನವನ್ನೂ ಒಂದೇ ತೋಪಿನಿಂದ ಹೊಡೆಯುವ ಆಸೆ. ಎತ್ತರಕ್ಕೆ ಎತ್ತಿದಾಗ ಗುಂಡು ತುಂಬುವುದು ತೊಡಕಾಯಿತು. ಪಕ್ಕದ ಎರಡು ಟರೆಟ್ ಬಿಟ್ಟು ಆ ಜಾಗಕ್ಕೆ 100 ಮಿಮೀ ಜೋಡಿ ತೋಪು ಆರು ಹಾಕಿದರು. ಸರಿಯಾದ ತೀರ್ಮಾನ.

ಝಾನ್ ಬಾರ್‌ನ ಟರೆಟ್ ಸಿಕ್ಕಿಕೊಂಡದ್ದನ್ನೂ ಕೆಲವರು ವಿನ್ಯಾಸದ ತಪ್ಪು ಅನ್ನುತ್ತಾರೆ. ಅಲ್ಲ. ಸ್ಯಾನ್ ನಜೇರ್‌ನಲ್ಲಿ ಇನ್ನೂ ಪೂರ್ತಿಯಾಗದ ಹಡಗು ಅದು. 1940ರ ಜೂನ್ 19ರ ರಾತ್ರಿ, ಅವಸರದಲ್ಲಿ ಹೂಳೆತ್ತಿದ ಕಿರಿದಾದ ಕಾಲುವೆಯಲ್ಲಿ ತೂರಿಕೊಂಡು ತಪ್ಪಿಸಿಕೊಂಡಿತು. ಆಗ ಅದರಲ್ಲಿ ಒಂದೇ ದೊಡ್ಡ ಟರೆಟ್ ಇತ್ತು. 1942ರ ನವೆಂಬರ್ 8ರಂದು ಕಾಸಾಬ್ಲಾಂಕಾದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಹೊಡೆದ ಗುಂಡಿನಿಂದ ಆ ಟರೆಟ್ ತಿರುಗದ ಹಾಗಾಯಿತು. ಅಲ್ಲಿನವರು ಅದೇ ದಿನ ಬಿಡಿಸಿದರು. ಬಿಡಿಸಿದ ಮೇಲೂ ತೋಪುಗಳನ್ನು ಸಿಕ್ಕಿಕೊಂಡಾಗ ಇದ್ದ ದಿಕ್ಕಿಗೇ ಬಿಟ್ಟರು, ನೋಡುವವರಿಗೆ ಇನ್ನೂ ಕೆಟ್ಟಿದೆ ಅನ್ನಿಸಲಿ ಅಂತ. ಎರಡು ದಿನ ಬಿಟ್ಟು 10ನೇ ತಾರೀಕು ಆಗಸ್ಟಾ ಕ್ರೂಸರ್ ಮೇಲೆ ಹಠಾತ್ತಾಗಿ ಹೊಡೆದಾಗ ಅಮೆರಿಕನ್ನರು ಬೆಚ್ಚಿಬಿದ್ದರು. ಆಮೇಲೆ ರೇಂಜರ್ ಹಡಗಿನ ವಿಮಾನಗಳು ಬಂದು ಬಾಂಬ್ ಹಾಕಿದವು. ಇಲ್ಲಿ ಕೆಟ್ಟದ್ದು ಶತ್ರುವಿನ ಏಟಿನಿಂದ, ಸರಿಮಾಡಿದ್ದು ಕೈಯಲ್ಲಿದ್ದ ಸಾಮಾನಿನಿಂದ. ಮೇಂಟೆನೆನ್ಸ್‌ನವನಾಗಿ ಆ ಜನರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಸರಿಯಾದ ಮೇಲೆ

ಮೂರನೇ ಹಡಗು ಕ್ಲೆಮಾಂಸೊ ಬ್ರೆಸ್ಟ್‌ನಲ್ಲಿ ಹತ್ತರಲ್ಲಿ ಒಂದು ಪಾಲಷ್ಟೇ ಆಗಿ ನಿಂತಿತು, 1944ರ ಆಗಸ್ಟ್‌ನಲ್ಲಿ ಬಾಂಬ್ ದಾಳಿಗೆ ಮುಳುಗಿತು. ಝಾನ್ ಬಾರ್ ಮಾತ್ರ ಯುದ್ಧದ ನಂತರ ಪೂರ್ತಿಯಾಗಿ, 1955ರಲ್ಲಿ ಸೇವೆಗೆ ಸೇರಿತು. 1956ರ ನವೆಂಬರ್‌ನಲ್ಲಿ ಸೂಯೆಜ್ ಗಲಾಟೆಯಲ್ಲಿ ಪೋರ್ಟ್ ಸೈದ್ ಕಡೆಗೆ ಹೋಗಿ ದೊಡ್ಡ ತೋಪಿನ ನಾಲ್ಕು ಗುಂಡು ಹಾರಿಸಿತು, ಅಷ್ಟೇ. 1970ರಲ್ಲಿ ಗುಜರಿಗೆ ಹೋಯಿತು.

ರಿಶಲ್ಯೂ, ಚದುರುವ ಕಾಯಿಲೆ ವಾಸಿಯಾದ ಮೇಲೆ, ತೋಪು ಹೊಡೆಯುವ ತರಬೇತಿಯ ಹಡಗಾಯಿತು. ಹೊಸ ಹುಡುಗರು ಸರಿಯಾಗಿ ಹೊಡೆಯುವ ರಿಶಲ್ಯೂ ಮೇಲೆ ಕಲಿತರು. 1968ರಲ್ಲಿ ಅದನ್ನು ಮಾರಿದರು, ಇಟಲಿಯ ಲಾ ಸ್ಪೆಜಿಯಾದಲ್ಲಿ ಒಡೆದರು. ಅದರ ಒಂದು 380 ಮಿಮೀ ನಳಿಗೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಬ್ರೆಸ್ಟ್‌ಗೆ ಹೋದರೆ ಬಂದರಿನ ಹತ್ತಿರ ಈಗಲೂ ನೋಡಬಹುದು, ಹದಿನೇಳು ಮೀಟರ್ ಉದ್ದದ ನಳಿಗೆ, ಹಡಗು ಹುಟ್ಟಿದ ಊರಲ್ಲೇ.